ಪೂರ್ವಿಗೆ ಲಿಪ್ ಟಿಂಟ್

ಚಂಪಾ ತುಟಿ ಮುಂದೆ ಚಾಚಿದರು. ಕೊರಿಯನ್ ಸೌಂದರ್ಯಸಾಧನಗಳ ಅಂಗಡಿಯ ಹುಡುಗಿ ಹತ್ತಿ ಕಡ್ಡಿಯನ್ನು ದಾಳಿಂಬೆ ಬಣ್ಣದ ಟಿಂಟ್‌ನಲ್ಲಿ ಅದ್ದಿ ನಾಜೂಕಾಗಿ ಸವರಿದಳು. ಬುಟ್ಟಿ ಹಿಡಿದು ಪಕ್ಕದಲ್ಲಿ ನಿಂತಿದ್ದ ಮಗಳು ಕೃತಿ ಅಮ್ಮನನ್ನು ಕಣ್ಣು ಮಿಟುಕಿಸದೆ ನೋಡಿದಳು.

ಬ್ರಿಸ್ಬೇನ್‌ಗೆ ಮಗಳ ಮನೆಗೆಂದು ಬಂದಿದ್ದ ಚಂಪಾ ಭಾನುವಾರ ಮೈಸೂರಿಗೆ ಹೊರಡುವವರಿದ್ದರು. ಊರಿನ ಹೆಣ್ಣುಮಕ್ಕಳಿಗೆಲ್ಲ ಏನಾದರೂ ಒಯ್ಯಬೇಕಲ್ಲ. ಆಸ್ಟ್ರೇಲಿಯಾಕ್ಕೆ ಬಂದು ಕೊರಿಯಾದ ಸಾಮಾನು ಒಯ್ಯುವುದೇ ಎಂದು ಮೊದಲು ಮೂಗು ಮುರಿದವರು, ಈಗಿನ ಹುಡುಗಿಯರು ಕೇಳುವುದೇ ಅದನ್ನು ಎಂದು ಮಗಳು ಹೇಳಿದ ಮೇಲೆ ಒಪ್ಪಿದರು. ಮುಖಕ್ಕೆ ಅಂಟಿಸುವ ಮಾಸ್ಕು, ಸನ್‌ಸ್ಕ್ರೀನು, ಅಕ್ಕಿ ನೀರಿನ ಟೋನರು ಎಲ್ಲ ಬುಟ್ಟಿಗೆ ಬಿದ್ದವು. ಅಕ್ಕಿ ತೊಳೆದ ನೀರನ್ನು ಇಷ್ಟು ವರ್ಷ ಕರಿಬೇವಿನ ಗಿಡಕ್ಕೆ ಸುರಿದು ದಂಡ ಮಾಡಿದೆನಲ್ಲ ಎಂದು ಚಂಪಾ ನಕ್ಕರು. ಆಮೇಲೆ ಟಿಂಟ್‌ಗಳ ಮುಂದೆ ನಿಂತವರು ಅಲ್ಲಿಂದ ಕದಲಲಿಲ್ಲ. ಇದೊಂದು ನನಗೆ ಎಂದು, ಮಗಳ ಮುಖ ನೋಡದೆ ಹೇಳಿದರು.

ಹಾಗೆ ಹೇಳುವ ಧೈರ್ಯ ಕೊಟ್ಟವಳು ಕೃತಿಯೇ. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಅಮ್ಮ ಕುಂಕುಮ ಬಿಟ್ಟು, ಹೂ ಬಿಟ್ಟು, ಒಳ್ಳೊಳ್ಳೆಯ ಸೀರೆಗಳನ್ನೆಲ್ಲ ಟ್ರಂಕಿಗೆ ತುಂಬಿದ್ದಕ್ಕೆ ವಾರಗಟ್ಟಲೆ ಫೋನಿನಲ್ಲಿ ಜಗಳವಾಡಿದ್ದಳು. ಯಾರಿಗೆ ಹೆದರಿ ಹೀಗೆಲ್ಲ ಮಾಡುತ್ತೀಯ ಎಂದು ಕೇಳಿದ್ದಳು. ಚಂಪಾ ಆ ಮಾತನ್ನು ನಂಬಿಬಿಟ್ಟರು. ಅದು ಬರೀ ಬಾಯಿಮಾತೆಂದು ಅವರಿಗೇನು ಗೊತ್ತು? ಹೇಳಿದವಳಿಗೇ ಗೊತ್ತಿರಲಿಲ್ಲ.

ಗಂಡ ಇದ್ದಾಗಲೂ ಚಂಪಾ ತುಟಿಗೆ ಬಣ್ಣ ಹಚ್ಚಿದವರಲ್ಲ. ಶಾಲೆಗೆ ಪಾಠ ಮಾಡಲು ಹೋಗುವಾಗ ಒಂದಿಷ್ಟು ಪೌಡರು, ಅಷ್ಟೆ. ಈಗ ಕನ್ನಡಿಯ ಮುಂದೆ ಮುಖವನ್ನು ಎಡಕ್ಕೆ ಬಲಕ್ಕೆ ಹೊರಳಿಸಿ ನೋಡಿಕೊಂಡರು.

"ಜಾಸ್ತಿ ಆಯ್ತೇನೇ?"

"ಇಲ್ಲಮ್ಮ, ಚೆನ್ನಾಗಿದೆ," ಎಂದಳು ಕೃತಿ. ನಿಜಕ್ಕೂ ಚೆನ್ನಾಗಿತ್ತು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಗೀತಾ ಆಂಟಿ ಬಂದರು. ಬ್ರಿಸ್ಬೇನ್‌ನ ಉತ್ತರದ ನಾರ್ತ್ ಲೇಕ್ಸ್‌ನಿಂದ ದಕ್ಷಿಣದ ಕ್ಯಾಲಮ್‌ವೇಲ್‌ವರೆಗೆ ಯಾವ ಕನ್ನಡದವರ ಮನೆಯಲ್ಲಿ ಒಗ್ಗರಣೆ ಸೀದರೂ ಮೊದಲು ಅವರಿಗೇ ತಿಳಿಯುತ್ತದೆಂದು ಹೆಸರು. ಯುಗಾದಿ ಊಟದಲ್ಲಿ ಚಂಪಾರ ಪಕ್ಕ ಕೂತು, ಅವರ ಮನೆಯ ಕಥೆಯನ್ನೆಲ್ಲ ಕೇಳಿ ತಿಳಿದುಕೊಂಡಿದ್ದವರು. ಆಂಟಿಯ ಕಣ್ಣು ನೆಟ್ಟಗೆ ಅಮ್ಮನ ತುಟಿಗೇ ಹೋಯಿತು. ಅವರು ಬಾಯಿ ತೆರೆಯುವ ಮೊದಲೇ ಕೃತಿ ಹೇಳಿಬಿಟ್ಟಳು.

"ಇದು ನಮ್ಮ ಚಿಕ್ಕಮ್ಮನ ಮಗಳು ಪೂರ್ವಿಗೆ, ಆಂಟಿ. ಈಗಷ್ಟೇ ಮದ್ವೆ ಆಗಿದೆ. ಕಲರ್ ಹೇಗೆ ಬರುತ್ತೆ ಅಂತ ಅಮ್ಮಂಗೆ ಹಚ್ಚಿ ನೋಡ್ತಿದ್ವಿ, ಅಷ್ಟೆ."

ಯಾರೂ ಏನೂ ಕೇಳಿರಲಿಲ್ಲ. ಚಂಪಾ ಮಗಳ ಕಡೆ ಒಂದು ಸಲ ತಿರುಗಿ, ಕೌಂಟರಿನ ಮೇಲಿದ್ದ ಟಿಶ್ಯೂ ಎಳೆದುಕೊಂಡು ತುಟಿ ಒರೆಸಿಕೊಳ್ಳತೊಡಗಿದರು.

"ಅಯ್ಯೋ, ಯಾಕೆ ಒರೆಸ್ಕೋತೀರಿ ಚಂಪಾ ಅವ್ರೇ? ನಿಮಗೇ ಎಷ್ಟು ಒಪ್ಪುತ್ತೆ," ಎಂದರು ಗೀತಾ ಆಂಟಿ. ಆ ಹುಡುಗಿಗೆ ಇನ್ನೊಂದು ತಗೊಂಡರಾಯಿತು ಎಂದು ಹೇಳಿ, ತಮಗೆ ಬೇಕಾದ ಸನ್‌ಸ್ಕ್ರೀನ್ ಹುಡುಕಿಕೊಂಡು ಒಳಗೆ ಹೋದರು.

ಕೃತಿಗೆ ನಾಚಿಕೆಯಿಂದ ನೆಲಕ್ಕಿಳಿದು ಹೋದಂತಾಯಿತು. ಟಿಂಟ್ ಒರೆಸಿದರೆ ಹೋಗುವ ಜಾತಿಯದಲ್ಲ. ಉಜ್ಜಿದಷ್ಟೂ ಅಮ್ಮನ ತುಟಿ ಇನ್ನಷ್ಟು ಕೆಂಪಾಗುತ್ತಿತ್ತು. ಅವಳು ಅಮ್ಮನ ಕೈ ಹಿಡಿದುಕೊಂಡಳು. ಎರಡು ತಗೊಳ್ಳೋಣ, ಒಂದು ನಿನಗೇ, ನಾನು ಏನೋ ಹೇಳಿಬಿಟ್ಟೆ ಎಂದು ಅಂಗಲಾಚಿದಳು.

ಚಂಪಾಗೆ ಕೋಪ ಬಂದಂತಿರಲಿಲ್ಲ. ಮಗಳ ಕೈಯನ್ನು ಮೆಲ್ಲಗೆ ಬಿಡಿಸಿ, ಟಿಂಟನ್ನು ಬುಟ್ಟಿಯಲ್ಲಿ ಮಾಸ್ಕುಗಳ ಜೊತೆ ಇಟ್ಟರು.

"ಒಂದೇ ಸಾಕು. ಪೂರ್ವಿಗೇ ಕೊಡ್ತೀನಿ. ಅವಳಿಗೆ ಗಂಡ ಇದ್ದಾನೆ."