ಊಟದ ಮನೆಯ ಗೋಡೆ

ಮನೆಯ ಗೋಡೆಗಳು ಸದ್ದನ್ನೆಲ್ಲ ಹಿಡಿದಿಟ್ಟುಕೊಳ್ಳುವ ತಿಪಟೂರಿನಲ್ಲಿ, ವೈದ್ಯರು ಮೊದಲು ಗೋಡೆಗೇ ಕಿವಿಗೊಡುವುದು ವಾಡಿಕೆ. ವಿಶಾಲಾಕ್ಷಿಯ ಮಗಳು ಇಂಚರ ಗಂಟಲಲ್ಲಿ ‘ಕ್ಹುಂ’ ಎನ್ನುತ್ತ ದಿನಾ ಬೈಸಿಕೊಳ್ಳುತ್ತಿದ್ದಳು. ಅದು ಯಾವಾಗ ಶುರುವಾಯಿತೆಂದು ತಿಳಿಯಲು ಡಾಕ್ಟರ್ ನಸ್ರೀನ್ ಊಟದ ಮನೆಯ ಗೋಡೆಗೆ ಸ್ಟೆತಸ್ಕೋಪ್ ಒತ್ತಿ, ಗಾರೆ ಸವರುತ್ತ ಹಿಂದಿನ ವರ್ಷಗಳಿಗೆ ಇಳಿದರು.

“ವರ್ಷ ದಾಟಿದೆ ವಿಶಾಲಾಕ್ಷಮ್ಮ. ಗಂಟಲಿಗೇನೂ ರೋಗ ಇಲ್ಲ, ಇದು ಟಿಕ್, ತಡೆದರೂ ತಾನಾಗೇ ಬರೋ ಸದ್ದು. ಬೇಕಂತ ಮಾಡ್ತಿಲ್ಲ, ಗದರಬೇಡಿ,” ಎಂದವರು ಇನ್ನೂ ಹಿಂದಕ್ಕೆ ಹೋಗಿ ಹುಬ್ಬೇರಿಸಿದರು. “ಇಲ್ಲೊಂದು ಗಂಡು ದನಿಯಲ್ಲೂ ಇದೇ ಇದೆಯಲ್ಲ!”

ವಿಶಾಲಾಕ್ಷಿ ಹುಟ್ಟಿ ಬೆಳೆದದ್ದೂ ಇದೇ ಮನೆಯಲ್ಲಿ; ಅವಳು ಸ್ಟೆತಸ್ಕೋಪನ್ನು ಕಿವಿಗಿಟ್ಟುಕೊಂಡಳು. ತಟ್ಟೆಗಳ ಸದ್ದು, ಚಿಕ್ಕವಳಾಗಿದ್ದ ತಾನೂ ತಂಗಿಯೂ ಕಿಸಕ್ಕನೆ ನಗುವುದು, ತೀರಿಹೋದ ಅಪ್ಪನ ‘ಕ್ಹುಂ’. ಆಮೇಲೆ ಮೌನ. ಅಪ್ಪ ಹಾಗೆಂದರೆ ಸಿಟ್ಟು ಬಂತೆಂದೇ ಲೆಕ್ಕ. ಅಕ್ಕತಂಗಿಯರು ತಲೆ ತಗ್ಗಿಸಿ ಉಣ್ಣುತ್ತಿದ್ದರು.

“ಅದು ನಮ್ಮಪ್ಪ. ನಾವು ನಕ್ಕಾಗಲೇ ಗದರೋರು,” ಎಂದಳು.

“ಗದರಿದ್ದಲ್ಲಮ್ಮ, ಅವರದ್ದೂ ಟಿಕ್ಕೇ. ತುಂಬ ಖುಷಿಯಾದಾಗ್ಲೂ ಇದು ಜಾಸ್ತಿ ಆಗುತ್ತೆ.”

ಮಧ್ಯಾಹ್ನ ಊಟಕ್ಕೆ ಕೂತಾಗ ಇಂಚರ ‘ಕ್ಹುಂ’ ಎಂದವಳೇ ಅಮ್ಮನ ಮುಖ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ವಿಶಾಲಾಕ್ಷಿ ಆ ಕೈಯನ್ನು ಮೆಲ್ಲನೆ ಸರಿಸಿ, ಗೋಡೆಗೆ ಕೇಳುವಂತೆ ಜೋರಾಗಿ ನಕ್ಕಳು.