ಮಾಗಿದ ಸದ್ದು

ಕುಂಬಳಕಾಯಿ ಕಳ್ಳಿ ಎಂದರೆ ನಾಲಿಗೆ ಮುಟ್ಟಿ ನೋಡಿಕೊಂಡಳಂತೆ. ಗಾದೆಯಲ್ಲಿರುವುದು ಹೆಗಲು, ಎಲ್ಲರಿಗೂ ಗೊತ್ತು. ಆದರೆ ಇದು ನಿಜವಾಗಿ ನಡೆದದ್ದು. ನಡೆದದ್ದಕ್ಕೆ ಗಾದೆಯೇ ಸ್ವಲ್ಪ ಸರಿದು ಜಾಗ ಕೊಡಬೇಕು.

ಮಳೆ ನಿಂತು ಬೆಳಗಿನ ಇಬ್ಬನಿ ಶುರುವಾಗಿತ್ತು. ಈರುಳ್ಳಿ ಜಡೆ ಹೆಣೆಸಿಕೊಂಡು ಅಟ್ಟ ಸೇರಿತ್ತು, ಮೆಣಸಿನಕಾಯಿ ಜಗಲಿಯಲ್ಲಿ ಒಣಗುತ್ತಿತ್ತು. ಸೊಸೆ ಕೈಯಾರೆ ಬೀಜ ಊರಿ ಬೆಳೆಸಿದ ಮೊದಲ ಸಿಹಿಗುಂಬಳ ಮಾತ್ರ ಇನ್ನೂ ಹಿತ್ತಲಲ್ಲೇ ಬಿದ್ದಿತ್ತು. ಆ ಮನೆಯಲ್ಲಿ ಅತ್ತೆ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, "ಮಾಗಿದೆ" ಎನ್ನದೆ ಕಾಯಿಗೆ ಕತ್ತಿ ಸೋಕುವಂತಿಲ್ಲ. ಬೇರೆಯವರು ತಟ್ಟುವಂತೆಯೂ ಇಲ್ಲ, ಕಾಯಿ ಬೆದರುತ್ತದಂತೆ! ಹೋದ ವರ್ಷ "ಎಳಸು, ಎಳಸು" ಎನ್ನುತ್ತಲೇ ಅಷ್ಟೂ ಕಾಯಿ ನೆಲದಲ್ಲಿ ಕೊಳೆತು ಗೊಬ್ಬರವಾಗಿದ್ದವು.

"ಬಣ್ಣ ಬಂದಿದೆ ಅತ್ತೆ. ನೆಲ ಬೇರೆ ಒದ್ದೆ. ಇದೂ ಕೊಳೆತರೆ ನಾನು ಅತ್ತುಬಿಡ್ತೀನಿ."

"ಬಣ್ಣ ಮೋಸ ಮಾಡುತ್ತೆ ಕಣೇ, ಸದ್ದು ಮಾಡಲ್ಲ. ನಾಳೆ ತಟ್ಟಿ ನೋಡ್ತೀನಿ."

ಸೊಸೆಗೆ ಒಂದು ವಿದ್ಯೆಯಿತ್ತು. ಮಾವನ ಸೀನು, ಹುಂಜದ ಕೂಗು, ಅಡುಗೆಮನೆ ಬಾಗಿಲಿನ ಕಿರ್ರೋ, ಎಲ್ಲವನ್ನೂ ಬಾಯಲ್ಲೇ ಹೊರಡಿಸುತ್ತಿದ್ದಳು. ಮಾಗಿದ ಕುಂಬಳ ಯಾವ ಲೆಕ್ಕ? ನಾಲಿಗೆಯನ್ನು ಅಂಗುಳಿಗೆ ಒತ್ತಿ ಬಿಟ್ಟರೆ ಸಾಕು.

ಮರುದಿನ ಅತ್ತೆ ಹಿತ್ತಲಿಗೆ ಬರುವಷ್ಟರಲ್ಲಿ ಅವಳು ಹುರುಳಿಕಾಯಿ ಚಪ್ಪರದ ಹಿಂದೆ ಅಡಗಿದ್ದಳು. ಅತ್ತೆ ಕುಕ್ಕರುಗಾಲಲ್ಲಿ ಕೂತು ತಟ್ಟಿದರು.

"ಟೊಂಕ್!"

ಅತ್ತೆಯ ಮುಖ ಅರಳಿತು. ಮತ್ತೆ ತಟ್ಟಿದರು. "ಟೊಂಕ್!" ಅಷ್ಟು ಚೆನ್ನಾಗಿ ಕೇಳಿಸಿದ ಖುಷಿಗೆ ಪಕ್ಕದ ಮುಷ್ಟಿಗಾತ್ರದ ಹೀಚನ್ನೂ ತಟ್ಟಿದರು. ಅದೂ "ಟೊಂಕ್!" ಅತ್ತೆ ಹುಬ್ಬು ಗಂಟಿಕ್ಕಿ ಅಲ್ಲೇ ಇದ್ದ ನೀರಿನ ಬಕೆಟ್ಟು ತಟ್ಟಿದರು. ಅದೂ ಮಾಗಿತ್ತು. ಸೊಸೆ ಅಲ್ಲಿಗೇ ನಿಲ್ಲಿಸಬಹುದಿತ್ತು, ನಾಲಿಗೆ ಕೇಳಬೇಕಲ್ಲ!

ಸೌದೆ ಹೊರೆ ಇಳಿಸಿದ ಮಾವ ಬಗ್ಗಿ ನೋಡಿದರು. "ಏನೇ ಇದು, ಬೆಳಗಾಗೆದ್ದು ಡೋಲು ಬಾರಿಸ್ತಿದ್ದೀಯಾ?"

ಬೋಳುತಲೆ ಕೈಗೆಟುಕುವಷ್ಟು ಹತ್ತಿರವಿತ್ತು. ಅತ್ತೆ ಅದನ್ನೂ ತಟ್ಟಿದರು.

"ಟೊಂಕ್!"

"ಅಯ್ಯೋ! ನಾನೂ ಕೊಯ್ಲಿಗೆ ಬಂದೆನೇನೇ?"

ಚಪ್ಪರ ಕಿಸಕ್ಕೆಂದಿತು. ಅತ್ತೆ ಎಲೆ ಸರಿಸಿದರು. ಸೊಸೆಯ ಕೈ ತಾನಾಗಿಯೇ ಬಾಯಿಗೆ ಹೋಯಿತು.

ಬೈಗುಳ ಬರಲಿಲ್ಲ. ಅತ್ತೆ ಮಣ್ಣಿನ ಮೇಲೇ ಕೂತುಬಿಟ್ಟರು. "ಕಿವಿ ವಾಪಸ್ ಬಂತು ಅಂದ್ಕೊಂಡೆ ಕಣೇ," ಎಂದರು. "ಮಾತೆಲ್ಲ ಕೇಳಿಸುತ್ತೆ, ಹೋದ ವರ್ಷದಿಂದ ಒಂದು ಕಾಯಿಯ ಸದ್ದೂ ಕೇಳಿಸ್ತಿಲ್ಲ. ಕೇಳಿಸದ್ದಕ್ಕೆಲ್ಲ ಎಳಸು ಅಂತ ಹೆಸರಿಟ್ಟೆ."

ಮಾವ ಸೌದೆ ಎಣಿಸುವವರಂತೆ ಅತ್ತ ತಿರುಗಿದರು. ಸೊಸೆ ಬಾಯಿಯ ಮೇಲಿನ ಕೈ ಇಳಿಸಿ ಚಪ್ಪರದಿಂದ ಈಚೆ ಬಂದಳು.

"ಪಿಳಿಪಿಳಿ ಏನು ನೋಡ್ತೀಯಾ? ಬಾ ಇಲ್ಲಿ. ನಾನು ತಟ್ತೀನಿ, ನೀನು ಕೇಳು. ಬಾಯಿ ಮುಚ್ಕೊಂಡು!"

ಸೊಸೆ ತನ್ನ ಕುಂಬಳಕ್ಕೆ ಕಿವಿ ಹಚ್ಚಿದಳು. ಅತ್ತೆ ತಟ್ಟಿದರು. ದಪ್. ಇನ್ನೊಮ್ಮೆ ತಟ್ಟಿದರು. ದಪ್. ಒದ್ದೆ ಹಲಗೆಗೆ ಗುದ್ದಿದ ಹಾಗೆ.

"ಏನಂತೆ?"

ಕೆನ್ನೆಯ ತುಂಬ ಮಣ್ಣು ಮೆತ್ತಿಕೊಂಡು ಸೊಸೆ ತಲೆಯೆತ್ತಿದಳು.

"ಎಳಸು, ಅತ್ತೆ."

ಸೊಸೆ ನಕ್ಕಳು, ಮಾವ ನಕ್ಕರು. ಅತ್ತೆ ನಕ್ಕ ನಗುವಿಗೆ ಮಾತ್ರ ಹಿತ್ತಲಿನ ಕೋಳಿಗಳೆಲ್ಲ ಬೇಲಿ ಹಾರಿದವು.