ಸೀಟಿನಂಚಿನ ನಾಲ್ಕು ತೂತು

ಕಾರಿನಲ್ಲಿ ಬೆರಿಲ್ ಕೂರುವ ಎಡಗಡೆಯ ಸೀಟಿನ ಅಂಚಿಗೆ ಬೆರಳು ತೂರಿಸಿ, ಸೀಟು ಹೊಲಿಯುವ ಡೆಸ್ ನಕ್ಕ. "ನಿಮ್ಮ ನಾಯಿ ಚೆನ್ನಾಗಿ ಕೆರೆದಿದೆ ಕಣೋ ಮರ್ವಿನ್. ಹಿಂದಿನ ಸೀಟಿಗೆ ಅಟ್ಟು ಅದನ್ನ."

"ನಮ್ಮನೇಲಿ ನಾಯಿ ಎಲ್ಲಿದೆ ಮಾರಾಯ?" ಎಂದ ಎಂಬತ್ತು ದಾಟಿದ ಮರ್ವಿನ್.

ಬೆರಿಲ್ ತನ್ನ ಎರಡೂ ಕೈಗಳನ್ನು ಕೋಟಿನ ಜೇಬಿಗಿಳಿಸಿದಳು. ಡೆಸ್‌ನ ಅಂಗಡಿಯಿದ್ದ ಕೋಬಾರ್ ಪೇಟೆಯಿಂದ ಅವರ ಮನೆಗೆ ತೊಂಬತ್ತು ಕಿಲೋಮೀಟರು. ಎದುರಿಗೆ ಮೂರು ಟ್ರೇಲರಿನ ಲಾರಿ ಬಂದಾಗಲೆಲ್ಲ ಗಂಡ ಮರ್ವಿನ್ ಕೊನೇ ಗಳಿಗೆಯಲ್ಲಿ ಸ್ಟಿಯರಿಂಗ್ ತಿರುಗಿಸುತ್ತಿದ್ದ; ಅವಳು ಸೀಟಿಗೆ ಉಗುರೂರಿ ಬಾಯಿ ಮುಚ್ಚಿಕೊಂಡಿರುತ್ತಿದ್ದಳು. ಒಮ್ಮೆ "ನಾನು ಓಡಿಸ್ಲಾ?" ಎಂದು ಕೇಳಿದ್ದಕ್ಕೆ ವಾರವಿಡೀ ಮಾತು ಬಿಟ್ಟಿದ್ದ.

"ಎಲ್ಲಿ ಹರಿದಿದೆ?" ಮರ್ವಿನ್ ಬಗ್ಗಿದ. ಮೂಗು ಸೀಟಿಗೆ ತಾಗುವಷ್ಟು ಹತ್ತಿರವಿದ್ದರೂ ಅವನ ಕಣ್ಣು ಹುಡುಕುತ್ತಲೇ ಇತ್ತು. ಡೆಸ್‌ನ ನಗು ನಿಂತಿತು. ಅವನು ಗೆಳೆಯನ ಕೈ ಹಿಡಿದು ಅಂಚಿನ ಮೇಲಿಟ್ಟ. ಮುದುಕನ ಬೆರಳುಗಳು ಒಂದೊಂದಾಗಿ ತೂತುಗಳೊಳಗೆ ಇಳಿದವು. ಸಾಲಾಗಿ ನಾಲ್ಕು. ಅವನು ತಲೆಯೆತ್ತಿ ಹೆಂಡತಿಯ ಜೇಬಿನತ್ತ ತಿರುಗಿದ. ಈಗ ಕೂಗಾಡುತ್ತಾನೆ ಅಂದುಕೊಂಡಳು ಬೆರಿಲ್.

"ಅಳತೆ ತಗೊಂಡಿದ್ದೀನಿ. ಮುಂದಿನ ಗುರುವಾರ ಹೊಸ ಹೊದಿಕೆ ಹಾಕ್ತೀನಿ," ಎಂದ ಡೆಸ್, ಯಾರ ಮುಖವನ್ನೂ ನೋಡದೆ.

ಮರ್ವಿನ್ ಕಾರಿನ ಕೀಯನ್ನು ಬೆರಿಲ್‌ಳ ಜೇಬಿಗೆ ಹಾಕಿದ. ಬಾನೆಟ್ ಸವರುತ್ತ ಸುತ್ತಿಬಂದು ಎಡಗಡೆ ಕುಳಿತ. ಅವಳು ಕಾರು ಶುರು ಮಾಡುವ ಮೊದಲೇ ಅವನ ಬೆರಳುಗಳು ಆ ನಾಲ್ಕು ತೂತುಗಳೊಳಗಿದ್ದವು.

"ಲಾರಿ ಬಂದ್ರೆ ಮೊದಲೇ ಹೇಳೇ," ಎಂದ.